ದಂಟಿನ ಸಮೇತ

ನಮ್ಮ ಕಡೆಯವರಿಗೆ ಹೂವಿಗೆ ದಂಟು ಇರುತ್ತದೆ ಎಂಬುದೇ ಗೊತ್ತಿರಲಿಲ್ಲ. ನಗಬೇಡಿ. ಆಗಿನ ಬಸವನಗುಡಿಯಲ್ಲಿ ಬೆಳಿಗ್ಗೆ ಐದೂವರೆಗೆ ನಮ್ಮ ಗೇಟಿನ ಹತ್ತಿರ ನಿಂತಿದ್ದರೆ ನಿಮಗೇ ತಿಳಿಯುತ್ತಿತ್ತು. ವಾಕಿಂಗಿನ ಹೆಸರಲ್ಲಿ ಹೊರಟ ದೊಡ್ಡ ಮನುಷ್ಯರು, ಒಂದು ಕೈಯಲ್ಲಿ ಕೊಕ್ಕೆ ಕೋಲು, ಇನ್ನೊಂದರಲ್ಲಿ ವೈರಿನ ಬುಟ್ಟಿ, ಬಾಯಲ್ಲಿ ಸಹಸ್ರನಾಮ, ಕಣ್ಣು ಮಾತ್ರ ಕಂಡವರ ಕಾಂಪೌಂಡಿನ ಮೇಲೆ. ದಾಸವಾಳವೋ ನಂದಿಬಟ್ಟಲೋ, ಸಿಕ್ಕಿದ್ದರ ಕತ್ತನ್ನು ಎರಡು ಬೆರಳಲ್ಲಿ ಹಿಡಿದು ಚಟಕ್ಕನೆ ಕಿತ್ತು ಬುಟ್ಟಿಗೆ ಹಾಕುತ್ತಿದ್ದರು. ಬರೀ ಹೂವು. ತಪ್ಪಿ ಕಡ್ಡಿ ಬಂದರೆ ಅದನ್ನು ಮುರಿದು ನಮ್ಮ ಗೇಟಿನ ಮುಂದೆಯೇ ಎಸೆದು ಹೋಗುತ್ತಿದ್ದರು. "ಯಾಕ್ರೀ, ನಮ್ಮನೆ ಹೂ?" ಎಂದು ಒಬ್ಬರನ್ನು ಒಮ್ಮೆ ಕೇಳಿದ್ದಕ್ಕೆ, "ದೇವ್ರಿಗೆ ಕಣಮ್ಮಾ, ನನಗಾ?" ಎಂದು ನನ್ನನ್ನೇ ಗದರಿದರು.

ಇಂಥ ಬೀದಿಯಲ್ಲಿ ನಾನು ಡೆಲ್ಫಿನಿಯಂ ಎಂಬ ಸೀಮೆ ಹೂವು ಬೆಳೆಯಲು ಹೊರಟೆ. ಎಪ್ಪತ್ತರ ದಶಕದ ಕೊನೆ ಅದು. ನನಗೆ ಇಪ್ಪತ್ಮೂರು. ಬಾಟನಿಯಲ್ಲಿ ಬಿ.ಎಸ್‌ಸಿ. ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿ "ಇದ್ದೆ". ಹುಡುಗಿ ಏನು ಮಾಡುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ಅಮ್ಮ ಹೇಳುತ್ತಿದ್ದದ್ದು ಅದನ್ನೇ: "ಮನೇಲಿದಾಳೆ." ಅಂದರೆ ಬಂದು ನೋಡಬಹುದು ಎಂದು ಅರ್ಥ. ಐದು ಕಡೆಯವರು ಬಂದು ನೋಡಿಯೂ ಆಗಿತ್ತು. ಕೇಸರಿಬಾತು, ಬೋಂಡ ತಿಂದು, ನನ್ನಿಂದ ಒಂದು ದೇವರನಾಮ ಹಾಡಿಸಿ, ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದು ಎದ್ದು ಹೋಗುತ್ತಿದ್ದರು. ಒಬ್ಬರಿಗೆ ನಾನು ಉದ್ದ ಜಾಸ್ತಿ, ಇನ್ನೊಬ್ಬರಿಗೆ ಬಣ್ಣ ಕಡಿಮೆ. ಮೂರನೆಯವರ ಊರು ಮಲ್ಲೇಶ್ವರಂ. ಅವರು ಕಾಗದವನ್ನೂ ಬರೆಯಲಿಲ್ಲ.

ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾಗಿದ್ದರು. ನನ್ನ ಜಾತಕದ ಹತ್ತು ಪ್ರತಿ ಮಾಡಿಸಿ, ಫೈಲಿಗೆ ಹಾಕಿ, ಕೆಂಪು ಟೇಪು ಕಟ್ಟಿ ಇಟ್ಟಿದ್ದರು. ನಾನೇ ಅವರ ಕೊನೆಯ ಪೆಂಡಿಂಗ್ ಫೈಲು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಆದರೆ ಯಾವ ವಿಷಯಕ್ಕೂ ನೇರವಾಗಿ ಹೌದು ಅಥವಾ ಇಲ್ಲ ಎಂದು ಅವರ ಬಾಯಿಂದ ನಾನು ಕೇಳಿರಲಿಲ್ಲ. "ನೋಡೋಣ" ಎನ್ನುತ್ತಿದ್ದರು. ಮಳೆ ಬರುತ್ತಾ ಅಪ್ಪಾ ಎಂದರೂ ನೋಡೋಣ.

ಡೆಲ್ಫಿನಿಯಂ ತಲೆಗೆ ಹೊಕ್ಕಿದ್ದು ಕಂಟೋನ್ಮೆಂಟಿನ ಒಂದು ಹೂವಿನಂಗಡಿಯಲ್ಲಿ. ಕಾಲೇಜಿನ ಗೆಳತಿಯೊಬ್ಬಳ ಅಕ್ಕನಿಗೆ ಚರ್ಚಿನಲ್ಲಿ ಮದುವೆ, ಹೂವು ಆರಿಸಲು ಜೊತೆಗೆ ಹೋಗಿದ್ದೆ. ಅಂಗಡಿಯಾಕೆಗೆ ಐವತ್ತು ದಾಟಿತ್ತು. ಹೂವಿನ ಚಿತ್ತಾರದ ಫ್ರಾಕು, ಕಾಲಿಗೆ ಗಂಡಸರ ಚಪ್ಪಲಿ, ಬಾಯಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಒಟ್ಟಿಗೆ. ಆಕೆ ಊಟಿಯಿಂದ ಬಸ್ಸಿನಲ್ಲಿ ಬಂದ ಪೆಟ್ಟಿಗೆ ಬಿಚ್ಚುತ್ತಾ ಡ್ರೈವರನ ವಂಶವನ್ನೇ ಬೈಯುತ್ತಿದ್ದರು. ಒಳಗೆ ಸೊಂಟದೆತ್ತರದ ದಂಟುಗಳು, ದಂಟಿನುದ್ದಕ್ಕೂ ಒತ್ತೊತ್ತಾಗಿ ನೀಲಿ ಹೂವು. ಅರ್ಧಕ್ಕರ್ಧ ಮುರಿದು ಮುದ್ದೆಯಾಗಿದ್ದವು. ನಾನು ಎಲೆ ನೋಡಿ, ಹೂವಿನ ಹಿಂದಿನ ಬಾಲ ನೋಡಿ, ಯಾವ ಕುಟುಂಬದ್ದು ಎಂದು ಹೇಳಿದೆ. ಜೀವನದಲ್ಲಿ ಮೊದಲ ಸಲ ನನ್ನ ಡಿಗ್ರಿ ಯಾರದೋ ಕಿವಿಗೆ ಬಿತ್ತು.

"ಇದನ್ನ ಬ್ಯಾಂಗಲೋರ್‌ನಲ್ಲೇ ಬೆಳೀತೀಯಾ ಗರ್ಲ್?" ಎಂದರು ಆಕೆ. "ಚಳಿಗಾಲಕ್ಕೆ ಬರುತ್ತೆ. ಎಲ್ಲಾರೂ ಟ್ರೈ ಮಾಡ್ತಾರೆ, ಎಲ್ಲಾರೂ ಸಾಯಿಸ್ತಾರೆ. ನೀನು ಬೆಳೆದ್ರೆ ಅಷ್ಟೂ ನಾನು ತಗೋತೀನಿ. ನಿಂಗೆ ಕೆಲ್ಸಾನೂ ಕೊಡ್ತೀನಿ." ಒಂದು ಸಣ್ಣ ಪೊಟ್ಟಣ ಬೀಜ ಕೈಗಿಟ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ಕೂತಿದ್ದೆ. ಕೆಲಸ ಸಿಕ್ಕರೆ ಮುಂದಿನ ಹೆಣ್ಣು ನೋಡುವ ಶಾಸ್ತ್ರಕ್ಕೆ ಮನೆಯಲ್ಲಿ ನಾನು ಇರುವುದೇ ಇಲ್ಲವಲ್ಲ, ಅದೊಂದೇ ತಲೆಯಲ್ಲಿ.

ಈ ಬೀಜಕ್ಕೆ ಇಲ್ಲದ ಸೊಕ್ಕಿಲ್ಲ. ಮೊದಲು ಅದಕ್ಕೆ ತಂಪು ಬೇಕು, ಎರಡು ವಾರ ಫ್ರಿಜ್ಜಿನಲ್ಲಿ ಒದ್ದೆ ಬಟ್ಟೆಯಲ್ಲಿ ಮಲಗಬೇಕು. ನಮ್ಮ ಬೀದಿಯಲ್ಲಿ ಫ್ರಿಜ್ಜು ಇದ್ದದ್ದು ಎದುರು ಮನೆಯಲ್ಲಿ ಮಾತ್ರ. ಆ ಮನೆಯಾಕೆ ಅದನ್ನು ಹಾಲ್‌ನಲ್ಲಿ, ದೇವರಪಟದ ಕೆಳಗೆ, ಕ್ರೋಶಾ ಹೊದಿಕೆ ಹಾಕಿ ಇಟ್ಟಿದ್ದರು. ಅವರ ಮಡಿ ಅಡುಗೆಮನೆಯಲ್ಲಿ ಶುರುವಾಗಿ ಫ್ರಿಜ್ಜಿನ ಮೇಲಿನ ಎರಡು ತಟ್ಟೆಯವರೆಗೆ ಬರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಬೀಜ ಹಾಕಿ ನಾನು ಒಯ್ದ ಶೀಷೆಯನ್ನು ಬೆಳಕಿಗೆ ಹಿಡಿದು ನೋಡಿ, "ಬೀಜ ಅಂತೀಯ. ಮೊಟ್ಟೆಗಿಟ್ಟೆ ಅಲ್ಲ ತಾನೇ?" ಎಂದರು.

"ಅಲ್ಲ ಅತ್ತೆ, ಹೂವಿನ ಬೀಜ."

"ಹೂವಿನ ಬೀಜಕ್ಕೆ ಫ್ರಿಜ್ಜಾ! ನಮ್ಮೆಜಮಾನ್ರಿಗೆ ಐಸ್ ನೀರು ಕೊಡೋಕೇ ನಾನು ಯೋಚ್ನೆ ಮಾಡ್ತೀನಿ." ಆದರೂ ಕೆಳಗಿನ ತರಕಾರಿ ಡಬ್ಬದಲ್ಲಿ, ಈರುಳ್ಳಿಯ ಪಕ್ಕ, ಮೈಲಿಗೆಯವರ ಸಾಲಿನಲ್ಲಿ ನನ್ನ ಬೀಜಕ್ಕೆ ಜಾಗ ಸಿಕ್ಕಿತು. ದಿನಕ್ಕೊಂದು ಸಲ ನೋಡಲು ಹೋಗುತ್ತಿದ್ದೆ. ಪ್ರತಿ ಸಲವೂ ಫ್ರಿಜ್ಜಿನ ಗುಣಗಾನ ಕೇಳಿಯೇ ಬರಬೇಕಿತ್ತು.

ಸೆಪ್ಟೆಂಬರಿನಲ್ಲಿ ಬಿತ್ತಿದೆ. ಎಲೆಗೊಬ್ಬರ, ಮರಳು, ಕೆಮ್ಮಣ್ಣು ಜರಡಿ ಹಿಡಿದು, ಅಗಲದ ಮಣ್ಣಿನ ಬೋಗುಣಿಗಳಿಗೆ ತುಂಬಿ, ಬೀಜ ಉದುರಿಸಿ, ಮೇಲೆ ತೆಳುವಾಗಿ ಮಣ್ಣು ಹಾಕಿ, ಗೋಣಿಚೀಲ ಹೊದಿಸಿದೆ. ಮೊಳೆಯಲು ಇದಕ್ಕೆ ಕತ್ತಲು ಬೇಕು. ಮೇಲಿನಿಂದ ನೀರು ಹುಯ್ದರೆ ಸಸಿ ಬುಡದಲ್ಲಿ ಕೊಳೆತು ಮಲಗಿಬಿಡುತ್ತದೆ, ಅದಕ್ಕೇ ಬೋಗುಣಿಯನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ಕುಡಿಸಬೇಕು. ಅಮ್ಮ ಇದನ್ನೆಲ್ಲ ನೋಡಿ, "ಬಾಣಂತನಕ್ಕೂ ಇಷ್ಟು ಮಾಡಲ್ಲ ಕಣೇ" ಎಂದಳು. ಹದಿನೆಂಟನೆಯ ದಿನ ಗೋಣಿ ಎತ್ತಿದಾಗ ಸೂಜಿಯಷ್ಟು ಹಸಿರು ಕಂಡಿತು. ನನಗೆ ಅಳುವೇ ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಅರ್ಧದಷ್ಟು ಸತ್ತವು. ಉಳಿದವನ್ನು ನವೆಂಬರಿನ ಹೊತ್ತಿಗೆ ನಲವತ್ತಾರು ಕುಂಡಗಳಿಗೆ ಹಾಕಿದೆ. ಕಾಂಪೌಂಡಿನ ಹೂಕಳ್ಳರ ಭಯ ಒಂದಿತ್ತು. ಆದರೆ ಈ ಗಿಡದ ಬೇರಿನಿಂದ ತುದಿಯವರೆಗೂ ವಿಷ. ಅದನ್ನು ಅಮ್ಮನ ಕಿವಿಯಲ್ಲಿ ಒಂದು ಸಲ ಹೇಳಿದೆ, ಅಷ್ಟೇ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗಿತ್ತು. ಕೊಕ್ಕೆ ಕೋಲಿನವರು ನಮ್ಮ ಮನೆ ಬಂದೊಡನೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು.

ಅಪ್ಪನಿಗೆ ಮಾತ್ರ ವಿಪರೀತ ಹೆಮ್ಮೆ. ಒಂದು ಕುಂಡಕ್ಕೂ ಒಂದು ಚೊಂಬು ನೀರು ಹಾಕಿದವರಲ್ಲ, ಆದರೆ ಬಂದವರಿಗೆಲ್ಲ ಬೆತ್ತದ ಕುರ್ಚಿಯಲ್ಲಿ ಕೂತು ಭಾಷಣ ಬಿಗಿಯುತ್ತಿದ್ದರು. "ಇದು ಇಂಗ್ಲಿಷ್ ಹೂವು. ಸುಲಭ ಅಲ್ಲ. ನಾವು ತುಂಬಾ ಮುತುವರ್ಜಿ ವಹಿಸಿದೀವಿ." ನಾವು! ದಂಟು ಒಳಗೆ ಪೊಳ್ಳು, ಗಾಳಿಗೆ ಮುರಿಯುತ್ತದೆ ಎಂದು ಬಿದಿರುಕಡ್ಡಿ ನೆಟ್ಟು ಮೂರು ಮೂರು ಕಡೆ ದಾರ ಕಟ್ಟುತ್ತಾ ನಾನು ಬಗ್ಗಿರುತ್ತಿದ್ದೆ. ನನ್ನ ಬೆನ್ನ ಹಿಂದೆ ಅವರ ಮುತುವರ್ಜಿ ನಡೆಯುತ್ತಿತ್ತು. ಇದು ಮಾರಲಿಕ್ಕೆ ಎಂದು ಅವರಿಗೆ ನಾನು ಹೇಳಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು. ದೇವಸ್ಥಾನಕ್ಕೆ ಬುಟ್ಟಿಗಟ್ಟಲೆ ಹೂವು ಕೊಡಬಹುದು, ನೆಂಟರಿಗೆ ಕೊಡಬಹುದು, ಬೀದಿಯ ಕಳ್ಳರಿಗೂ ಬಿಡಬಹುದು. ಮಾರಿದರೆ ಮಾತ್ರ ಹೋಯಿತು ಮಾನ. ಗಾಂಧಿ ಬಜಾರಿನಲ್ಲಿ ನಮ್ಮ ಅಮ್ಮಂದಿರು ಚೌಕಾಸಿ ಮಾಡಿ ಮೊಳ ಹಾಕಿಸಿಕೊಳ್ಳುತ್ತಿದ್ದ ಹೆಂಗಸರು ಹೂ ಮಾರುವವರು. ನಾವು ಅವರಿಂದ ಕೊಳ್ಳುವವರು, ಅದೂ ಸೆರಗು ತಾಗದ ಹಾಗೆ.

ಜನವರಿಯ ಮೊದಲಲ್ಲೇ ಬಿಟ್ಟ ಒಂದು ಹೂದಂಟನ್ನು ಬುಡದಿಂದ ಕತ್ತರಿಸಿ, ಒದ್ದೆ ಕಾಗದ ಸುತ್ತಿ ಅಂಗಡಿಯಾಕೆಗೆ ಒಯ್ದೆ. ಆಕೆ ಅದನ್ನು ಬಕೆಟ್ಟಿನಲ್ಲಿಟ್ಟು, ಒಂದು ವಾರ ಬಿಟ್ಟು ಬಾ ಎಂದರು. ಹೋದಾಗ ಅದು ಇನ್ನೂ ತಲೆಯೆತ್ತಿಯೇ ನಿಂತಿತ್ತು. "ತಿಂಗಳ ಕೊನೇಲಿ ಒಂದು ದೊಡ್ಡ ಮದ್ವೆ ಇದೆ. ನಲವತ್ತು ಬೇಕು. ದಂಟು ಉದ್ದ ಇರ್ಬೇಕು, ಶನಿವಾರ ಬೆಳಿಗ್ಗೆ ಎಂಟಕ್ಕೆ ಇಲ್ಲಿರ್ಬೇಕು. ಕಾರ್ಡ್ ಹಾಕ್ತೀನಿ" ಎಂದರು. ಕಾರ್ಡು ಬರಲಿಲ್ಲ. ಅಂಚೆಯವನನ್ನು ಮನಸ್ಸಿನಲ್ಲೇ ಬೈದುಕೊಂಡೆ. ಕಾರ್ಡು ಬರದಿದ್ದರೇನು, ಮಾತು ಆಗಿದೆಯಲ್ಲ ಎಂದು ಶನಿವಾರಕ್ಕೆ ಕಾದೆ. ಆ ವಾರ ನಮ್ಮ ಅಂಗಳ ಹೇಗಿತ್ತು ಅಂತೀರಿ! ನಲವತ್ತಕ್ಕೂ ಹೆಚ್ಚು ದಂಟು, ಒಂದಕ್ಕಿಂತ ಒಂದು ನೇರ. ಹೆಮ್ಮೆಯಿಂದ ನನಗೆ ಊಟ ಸೇರುತ್ತಿರಲಿಲ್ಲ.

ಶುಕ್ರವಾರ ಸಂಜೆ ಆರನೆಯ ಕಡೆಯವರು ಬಂದರು. ಹುಡುಗ, ಹುಡುಗನ ತಾಯಿ, ಮಾತಾಡದ ಒಬ್ಬ ಸೋದರಮಾವ. ಹುಡುಗ ಯಾವುದೋ ಕಾರ್ಖಾನೆಯಲ್ಲಿ ಇಂಜಿನಿಯರ್, ಬೋಂಡಕ್ಕೆ ಮಾತ್ರ ಬಾಯಿ ತೆರೆದ. ತಾಯಿಯ ಕಿವಿಯಲ್ಲಿ ವಜ್ರದೋಲೆ, ಕಣ್ಣಿನಲ್ಲಿ ತಕ್ಕಡಿ. ಹೊರಡುವ ಮುಂಚೆ ಆಕೆ ಅಂಗಳದಲ್ಲಿ ನಿಂತು, "ಅಬ್ಬಾ, ಏನ್ ಚೆನ್ನಾಗಿದೆ! ಇಷ್ಟೊಂದು ಹೂ ಏನ್ಮಾಡ್ತೀರಿ?" ಎಂದು ಅಪ್ಪನನ್ನು ಕೇಳಿದರು.

ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. "ಮಾರ್ತೀನಿ. ನಾಳೆ ಬೆಳಿಗ್ಗೆ ಕಂಟೋನ್ಮೆಂಟಿಗೆ ಹೋಗ್ಬೇಕು." ಯಾಕೆ ಹೇಳಿದೆ? ಎರಡು ವರ್ಷ ಟ್ರೇ ಹಿಡಿದು ಹಿಡಿದು ರೋಸಿ ಹೋಗಿತ್ತು, ಅದಕ್ಕೆ.

ವಜ್ರದೋಲೆ ಅಲ್ಲಾಡಲಿಲ್ಲ. ಅಮ್ಮ ಬಾಗಿಲ ಹಿಂದೆ ಸರಿದಳು. ಅಪ್ಪ ಜೋರಾಗಿ ನಕ್ಕರು. ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ. "ಅಯ್ಯೋ, ತಮಾಷೆ ಮಾಡ್ತಾಳೆ. ನಮ್ಮನೆ ಹೆಣ್ಮಕ್ಳು ಹೂ ಮಾರ್ತಾರಾ? ನಿಮ್ಮನೆ ದೇವರಿಗೆ ಅಂತಲೇ ಬೆಳೆಸಿದ್ದು ಅಂದ್ಕೊಳ್ಳಿ. ಲೇ, ಹೂಬುಟ್ಟಿ ತಾರೇ!"

ಅಮ್ಮ ತಂದಳು. ಅಪ್ಪ ಪಂಚೆ ಮೇಲೆ ಕಟ್ಟಿ ಮೊದಲ ಕುಂಡದ ಮುಂದೆ ಬಗ್ಗಿದರು. ಕತ್ತರಿಯಿಲ್ಲ, ಚಾಕುವಿಲ್ಲ. ಎರಡು ಬೆರಳಲ್ಲಿ ದಂಟಿನ ಬುಡದಿಂದ ಶುರು ಮಾಡಿ ಒಂದೊಂದೇ ನೀಲಿ ಹೂವನ್ನು ಚಟಕ್, ಚಟಕ್ ಎಂದು ಕಿತ್ತು ಬುಟ್ಟಿಗೆ ಹಾಕುತ್ತಾ ತುದಿಯವರೆಗೆ ಹೋದರು. ಆಮೇಲೆ ಎರಡನೆಯ ಕುಂಡ. ಒಂದು ಬುಟ್ಟಿ ತುಂಬಿತು, ಇನ್ನೊಂದು ಬಂತು. ಹುಡುಗನ ತಾಯಿ "ಸಾಕು, ಸಾಕು, ಅಯ್ಯೋ ಯಾಕೆ ಇಷ್ಟೊಂದು" ಎನ್ನುತ್ತಲೇ ಸೆರಗನ್ನು ಅಗಲ ಮಾಡಿ ಹಿಡಿದರು. ಅಮ್ಮ ನನ್ನ ಕಿವಿಯಲ್ಲಿ, "ಅದು ವಿಷ ಅಲ್ವೇನೇ?" ಎಂದಳು. "ದೇವರು ತಿನ್ನಲ್ಲ ಬಿಡಮ್ಮ" ಎಂದೆ. ನಲವತ್ತಾರು ಕುಂಡವೂ ಮುಗಿಯಿತು. ಬಿದಿರುಕಡ್ಡಿಗೆ ಕಟ್ಟಿದ ಬೋಳು ದಂಟುಗಳು ಹಾಗೇ ನಿಂತಿದ್ದವು. ನಾನೇನು ಮಾಡಿದೆ ಎಂದು ಕೇಳುತ್ತೀರಾ? ಕಾಫಿ ಲೋಟಗಳನ್ನು ಎತ್ತಿಟ್ಟೆ.

ಹೊಟ್ಟೆ ಉರಿಯುತ್ತಿತ್ತು, ಆದರೆ ಕರುಣೆಯೂ ಇತ್ತು. ಪಾಪ, ಮುದುಕನಿಗೆ ಗೊತ್ತಿಲ್ಲ, ನನ್ನ ಮಾತನ್ನು ನಿಜವಾಗಿಯೂ ತಮಾಷೆ ಎಂದುಕೊಂಡರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಮಾರನೆಯ ಬೆಳಿಗ್ಗೆ ಬರಿಗೈಯಲ್ಲಿ ಕಂಟೋನ್ಮೆಂಟಿಗೆ ಹೋದೆ. ಬಾಯಿಗೆ ಬಂದ ಹಾಗೆ ಬೈಸಿಕೊಳ್ಳಲು ತಯಾರಾಗಿದ್ದೆ.

ಅಂಗಡಿಯಲ್ಲಿ ಬಕೆಟ್ಟುಗಳ ತುಂಬ ಊಟಿಯ ಡೆಲ್ಫಿನಿಯಂ. ಆಕೆ ನನ್ನನ್ನು ನೋಡಿ ಹುಬ್ಬೇರಿಸಿದರು. "ನೀನ್ಯಾಕೆ ಬಂದೆ? ಬುಧವಾರವೇ ನಿಮ್ಮಪ್ಪ ಬಂದು ಹೇಳಿ ಹೋದ್ರಲ್ಲ."

"ಯಾರು?"

"ನಿಮ್ಮ ಫಾದರ್. ನನ್ನ ಕಾರ್ಡ್ ಕೈಯಲ್ಲಿ ಹಿಡ್ಕೊಂಡು ಬಂದಿದ್ರು. ನಮ್ಮ ಮಗಳಿಗೆ ಹೂ ಕೊಡೋಕೆ ಆಗಲ್ಲ, ನಿಮಗೆ ತೊಂದರೆ ಆಗ್ಬಾರ್ದು ಅಂತ ಮೊದಲೇ ಹೇಳ್ತಿದೀನಿ ಅಂದ್ರು. ವೆರಿ ಪೊಲೈಟ್ ಮ್ಯಾನ್."

ಶುಕ್ರವಾರ ನಡೆದದ್ದನ್ನು ಆಕೆಗೆ ಹೇಳಿದೆ. ಹೇಳುತ್ತಾ ಹೇಳುತ್ತಾ ಊಟಿಯ ದಂಟುಗಳ ಕಡೆ ಕಣ್ಣು ಹೋಯಿತು. ಬುಡದ ಹೂವೆಲ್ಲ ಉದುರಿದ್ದವು. ನನ್ನವು ಇದಕ್ಕಿಂತ ಎಷ್ಟೋ ಚೆನ್ನಾಗಿದ್ದವು, ಅದನ್ನೂ ಹೇಳಿದೆ. ಆಕೆ ಕೈಯ ಕತ್ತರಿಯನ್ನು ಮೇಜಿನ ಮೇಲಿಟ್ಟರು. "ಗೊತ್ತು ನಂಗೆ. ಕುಮಾರ ಪಾರ್ಕ್‌ನಲ್ಲಿ ಒಂದು ಬಂಗಲೆ ಹಿಂದೆ ನನ್ನ ಜಾಗ ಇದೆ. ಸೋಮವಾರ ಬಾ. ಅಲ್ಲಿ ಬೆಳೆಸು, ತಿಂಗಳ ಸಂಬಳ ಕೊಡ್ತೀನಿ. ಸೋಮವಾರ ಬರ್ಲಿಲ್ಲ ಅಂದ್ರೆ ನಾನು ಬೇರೆಯವರನ್ನ ಇಟ್ಕೋತೀನಿ. ನಾನು ಹೂ ತಗೋತೀನಮ್ಮಾ, ಹೂವಿನ ಜೊತೆ ಅಪ್ಪಂದಿರನ್ನ ತಗೊಳ್ಳಲ್ಲ."

ಮನೆಗೆ ಬಂದವಳೇ ಚಪ್ಪಲಿ ಬಿಡದೆ ಜಗುಲಿಯಲ್ಲಿ ಅಪ್ಪನ ಮುಂದೆ ನಿಂತೆ. "ನೀವು ಬುಧವಾರ ಅಲ್ಲಿಗೆ ಹೋಗಿದ್ರಾ?"

ನೋಡೋಣ ಎನ್ನುತ್ತಾರೆ ಅಂದುಕೊಂಡಿದ್ದೆ. "ಹೋಗಿದ್ದೆ" ಎಂದರು.

"ಆರ್ಡರೇ ಹೋದ್ಮೇಲೆ ನಿನ್ನೆ ಯಾಕೆ ಅಷ್ಟೂ ಕಿತ್ರಿ?"

"ಅವರ ಮುಂದೆ ಮಾರ್ತೀನಿ ಅಂದ್ಯಲ್ಲ. ಇನ್ನೇನ್ಮಾಡ್ಲಿ ನಾನು?"

ಆಮೇಲೆ ನಾನು ಏನೇನು ಅಂದೆನೋ ಎಲ್ಲ ನೆನಪಿಲ್ಲ. ಕಳ್ಳ ಎಂದದ್ದು ನೆನಪಿದೆ. ಬೀದಿಯ ಕಳ್ಳರು ನಿಮಗಿಂತ ವಾಸಿ, ಅವರು ನಾಲ್ಕು ಹೂವಿಗೆ ನಿಲ್ಲಿಸುತ್ತಾರೆ ಎಂದೆ. ಹೆತ್ತ ಮಗಳ ಕಾರ್ಡು ಕದ್ದು ಓದಿ, ಅವಳ ಕಣ್ಣ ಮುಂದೆ ನಾಟಕ ಆಡಿದಿರಿ ಎಂದೆ. ಎದುರು ಮನೆಯಾಕೆ ಕಿಟಕಿ ತೆರೆದದ್ದು ಕಂಡಿತು, ಇನ್ನೂ ಜೋರಾಗಿ ಕೂಗಿದೆ. ಸೋಮವಾರದಿಂದ ಕೆಲಸಕ್ಕೆ ಹೋಗುತ್ತೇನೆ, ಯಾರು ತಡೆಯುತ್ತೀರೋ ನೋಡುತ್ತೇನೆ ಎಂದೆ.

ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ನನಗೆ ಭಯ ಆಯ್ತಮ್ಮ" ಎಂದರು. "ತಪ್ಪು ಮಾಡ್ದೆ. ಹೋಗು ನೀನು. ನಾನು ತಡೆಯಲ್ಲ."

ಜಗಳಕ್ಕೆ ಸೊಂಟ ಕಟ್ಟಿ ನಿಂತವಳಿಗೆ ಎದುರಾಳಿಯೇ ಇಲ್ಲದಂತಾಯಿತು. ಚಪ್ಪಲಿ ಕಳಚಿ ಒಳಗೆ ಹೋಗಿ ಮಲಗಿದೆ.

ಭಾನುವಾರ ಮಧ್ಯಾಹ್ನ ಆ ಸೋದರಮಾವ ಬಂದರು. ಅವರಿಗೆ ಮಾತು ಬರುತ್ತದೆ ಎಂದು ಗೊತ್ತಾದದ್ದು ಅವತ್ತೇ. ಹುಡುಗಿ ಒಪ್ಪಿಗೆ, ಹುಡುಗಿಯ ತಂದೆಯ ಕೈ ದೊಡ್ಡದು, ಅಂಥ ಮನೆಯ ಸಂಬಂಧ ಬೇಕು ಎಂದರು. ಅಮ್ಮ ಸಕ್ಕರೆ ತರಲು ಓಡಿದಳು. ಅಪ್ಪ ನನ್ನ ಮುಖ ನೋಡಿ, "ಅವಳನ್ನ ಕೇಳಿ ಹೇಳ್ತೀವಿ" ಎಂದರು. ನಮ್ಮ ಮನೆಯಲ್ಲಿ ಆ ಮಾತು ಅದೇ ಮೊದಲು.

ಸೋಮವಾರ ಬೆಳಿಗ್ಗೆ ಸ್ನಾನ ಮಾಡಿ ಹಳೆಯ ಕಾಟನ್ ಸೀರೆ ಉಟ್ಟೆ. ಅಮ್ಮ ಡಬ್ಬಿಗೆ ಮೊಸರನ್ನ ಹಾಕಿಕೊಟ್ಟಳು. ಅಪ್ಪ ಜಗುಲಿಯಲ್ಲಿ ಪೇಪರ್ ಓದುತ್ತಿದ್ದವರು ಎದ್ದು ಬಂದು ಗೇಟು ತೆರೆದು ಹಿಡಿದರು. "ಊಟ ತಗೊಂಡ್ಯಾ?" ಎಂದು ಕೇಳಿದರು. ತಗೊಂಡೆ ಎಂದೆ.

ಬಸ್ ಸ್ಟಾಪಿನಲ್ಲಿ ನಿಂತೆ. ಬಸ್ಸು ಬಂತು. ಹತ್ತಬೇಕು ಎನ್ನುವಷ್ಟರಲ್ಲಿ, ಹತ್ತಿದರೆ ನಾನು ಸಂಬಳಕ್ಕೆ ಹೂ ಬೆಳೆದು ಮಾರುವವಳು ಎಂಬ ಮಾತು ತಲೆಗೆ ಬಂತು. ಅದನ್ನು ಹೇಳಿದ್ದು ಅಪ್ಪನಲ್ಲ, ವಜ್ರದೋಲೆಯಾಕೆಯೂ ಅಲ್ಲ. ನನ್ನೊಳಗಿನಿಂದಲೇ ಬಂತು. ಇನ್ನೊಂದು ಬಸ್ಸು ಬಂತು, ಮತ್ತೊಂದೂ ಬಂತು. ಹತ್ತಿರದ ಪಾರ್ಕಿನ ಬೆಂಚಿನ ಮೇಲೆ ಕೂತು ಮೊಸರನ್ನ ತಿಂದು, ಮಧ್ಯಾಹ್ನ ಮನೆಗೆ ಹೋದೆ. ಏನಾಯ್ತು ಎಂದು ಅಮ್ಮ ಕೇಳಿದಳು. "ಆ ಹೆಂಗಸು ಸರಿಯಿಲ್ಲಮ್ಮ" ಎಂದೆ. ಅಪ್ಪ ಅಲ್ಲೇ ಇದ್ದರು.

ಬೇಸಿಗೆಯಲ್ಲಿ ಮದುವೆಯಾಯಿತು. ಗಂಡ ಒಳ್ಳೆಯ ಮನುಷ್ಯ, ಇವತ್ತಿಗೂ ಬೋಂಡಕ್ಕೆ ಮಾತ್ರ ಬಾಯಿ ತೆರೆಯುತ್ತಾರೆ. ಮುಂದೆ ಒಂದು ಕಾನ್ವೆಂಟಿನಲ್ಲಿ ಬಾಟನಿ ಪಾಠ ಮಾಡಿದೆ. ಎಂಬತ್ತರ ದಶಕದಲ್ಲಿ ಊರ ತುಂಬ ಹೂಗುಚ್ಛದ ಅಂಗಡಿಗಳು ಎದ್ದವು. ನಮ್ಮವರೇ ಸಾಲು ಸಾಲಾಗಿ ನಿಂತು ದಂಟಿನ ಸಮೇತ ಹೂವು ಕೊಂಡರು, ಕೆಲವರು ಅಂಗಡಿಯನ್ನೂ ಇಟ್ಟರು. ಆಗೆಲ್ಲ ನೆಂಟರಿಷ್ಟರು, ನೀನು ಅಷ್ಟು ಚೆನ್ನಾಗಿ ಬೆಳೆಯುತ್ತಿದ್ದೆಯಲ್ಲ, ಯಾಕೆ ಬಿಟ್ಟೆ ಎಂದು ಕೇಳುತ್ತಿದ್ದರು. "ಅಪ್ಪ ಬಿಡಲಿಲ್ಲ" ಎನ್ನುತ್ತಿದ್ದೆ. ಬುಟ್ಟಿಯ ಕತೆಯನ್ನು ರಂಗುರಂಗಾಗಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಅಪ್ಪ ಎಷ್ಟೋ ಸಲ ಅದೇ ಕೋಣೆಯಲ್ಲಿ ಕೂತಿರುತ್ತಿದ್ದರು. ಎಲ್ಲರ ಜೊತೆ ತಾವೂ ನಕ್ಕು, "ಹೌದು, ನಾನೇ ಬಿಡಲಿಲ್ಲ" ಎನ್ನುತ್ತಿದ್ದರು.